ಚಿತ್ರದ ಹಿಂದಿದ್ದ ನೀಲಿ ಬೆಕ್ಕು

ಇತ್ತು, ಈವಾ ಅವರೇ. ಆ ಚಿತ್ರದ ಹಿಂಬದಿಯಲ್ಲಿ ನೀವು ಹೇಳಿದ ಬೆಕ್ಕು ಇತ್ತು. ನಾನು ಕಣ್ಣಾರೆ ನೋಡಿದ್ದೆ — ನೋಡಿ, ಅದರ ಮೇಲೆ ಬಟ್ಟೆ ಅಂಟಿಸಿ, ಆಮೇಲೆ ನಿಮ್ಮ ಮುಖ ನೋಡಿಕೊಂಡೇ ಇಲ್ಲವೆಂದೆ. ನಿಮಗೆ ಇದನ್ನು ಬಾಯಲ್ಲಿ ಹೇಳಿಯಾಗಿದೆ. ನನ್ನ ಭಾಷೆಯಲ್ಲಿ, ನನ್ನವರ ಮುಂದೆ ಇನ್ನೂ ಹೇಳಿಲ್ಲ. ಇಲ್ಲಿಯ ಕನ್ನಡದವರಿಗೆ ನಾನು ಇವತ್ತಿಗೂ ‘ಮ್ಯೂಸಿಯಂ ಮೇಡಂ’. ಹಾಗೆ ಕರೆದಾಗಲೆಲ್ಲ ನಾಚಿಕೆಯಿಂದ ಸಾಯುತ್ತೇನೆ.

ಧಾರವಾಡದಿಂದ ಈ ಪರದೇಶಕ್ಕೆ ಬಂದವಳು ನಾನು. ಬರ್ಲಿಂಗ್ಟನ್ನಿನ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವುದು ನನ್ನ ಕೆಲಸ. ಹೊಳೆದಂಡೆಯಲ್ಲಿ ಬಟ್ಟೆ ಒಣಹಾಕಿದ ದೃಶ್ಯದ ಆ ಚಿತ್ರವನ್ನು ಯಾರೋ ದಾನವಾಗಿ ಕೊಟ್ಟಿದ್ದರು, ಕ್ಯಾನ್ವಾಸು ಹರಿದಿತ್ತು. ಹಾಗಿದ್ದಾಗ ಹಿಂದಿನಿಂದ ಹೊಸ ಬಟ್ಟೆ ಅಂಟಿಸುತ್ತೇವೆ. ಅಂಟಿಸುವ ಮೊದಲು ಹಿಂಬದಿಯ ಫೋಟೋ ತೆಗೆಯಲೇಬೇಕು, ಅದು ನಮ್ಮ ಕೆಲಸದ ಮೊದಲ ಪಾಠ. ಅಂದು ಪಕ್ಕದ ಊರು ಮಿಸಿಸಾಗದಲ್ಲಿ ಮಗಳ ರಾಜ್ಯೋತ್ಸವದ ಡ್ಯಾನ್ಸ್ ರಿಹರ್ಸಲ್. ಹೈವೇ ಟ್ರಾಫಿಕ್ಕಿನ ಚಿಂತೆ, ಗಡಿಬಿಡಿ. ಚಿತ್ರದ ಹಿಂಬದಿಯ ಮೂಲೆಯಲ್ಲಿ ನೀಲಿ ಕ್ರೇಯಾನಿನ ಬೆಕ್ಕು, ಮೀಸೆ ಮೈಗಿಂತ ಉದ್ದ. ಯಾವುದೋ ಮಗುವಿನ ಕಿತಾಪತಿ ಎಂದು ನಕ್ಕೆ. ಫೋಟೋ ತೆಗೆಯದೆ ಅಂಟು ಬಳಿದೆ.

ಎರಡು ವರ್ಷ ಬಿಟ್ಟು ನೀವು ಬಂದಿರಿ. ಯಹೂದಿಗಳೆಂದು ಎರಡನೇ ಮಹಾಯುದ್ಧದಲ್ಲಿ ನಿಮ್ಮ ಅಪ್ಪ ಅಮ್ಮನನ್ನು ಎಳೆದೊಯ್ದರು, ಮನೆ ದೋಚಿದರು. ಪಕ್ಕದ ಮನೆಯವರು ಬಚ್ಚಿಟ್ಟಿದ್ದರಿಂದ ನೀವೊಬ್ಬರೇ ಉಳಿದಿರಿ. ಇದು ನಮ್ಮ ಊಟದ ಕೋಣೆಯಲ್ಲಿದ್ದ ಚಿತ್ರ ಎಂದಿರಿ. ಸಾಬೀತಿಗೆ ಒಂದು ಕಾಗದವೂ ಇರಲಿಲ್ಲ. “ಇದರ ಹಿಂಬದಿಯಲ್ಲಿ ನಾನೊಂದು ಬೆಕ್ಕು ಬರೆದಿದ್ದೆ, ನೀಲಿಯದು. ಅಮ್ಮ ಬೈದಳು. ಅಪ್ಪ ಬಿದ್ದು ಬಿದ್ದು ನಕ್ಕರು.”

ಡೈರೆಕ್ಟರ್ ನನ್ನ ಕಡೆ ತಿರುಗಿದರು: ಹಿಂದೆ ಏನಾದರೂ ಇತ್ತೆ?

ನನ್ನ ಕೆಲಸ ಇನ್ನೂ ಕಾಂಟ್ರ್ಯಾಕ್ಟಿನ ಮೇಲಿತ್ತು. ಇತ್ತು ಎಂದರೆ — ಫೋಟೋ ಎಲ್ಲಿ ಎನ್ನುತ್ತಾರೆ. ಅಷ್ಟೇ ಹೊಳೆದದ್ದು. ಆ ಅಂಟು ಬೇಕೆಂದಾಗ ಬಿಡಿಸಬಹುದಾದದ್ದು, ಒಂದು ದಿನದ ಕೆಲಸ, ಅದೂ ಗೊತ್ತಿತ್ತು.

“ಏನೂ ಇರಲಿಲ್ಲ,” ಎಂದೆ.

ನೀವು ಜಗಳವಾಡಲಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು! “ನಾನೇ ತಪ್ಪು ನೆನಪಿಟ್ಟುಕೊಂಡಿರಬೇಕು. ತೀರಾ ಚಿಕ್ಕವಳಿದ್ದೆ,” ಎಂದಿರಿ. ಪುರಾವೆ ಸಾಲದೆಂದು ಮ್ಯೂಸಿಯಂ ನಿಮ್ಮನ್ನು ಬರಿಗೈಯಲ್ಲಿ ಕಳಿಸಿತು.

ಮನೆಗೆ ಬಂದು ಗಂಡನಿಗೆ ಹೇಳಿದೆ. “ಬಿಡು ಅತ್ಲಾಗ,” ಎಂದ. “ಕೆಲಸ ಪರ್ಮನೆಂಟ್ ಆಗೋದದ. ಈಗ ಬಾಯಿ ಬಿಟ್ರ ಮುಗೀತು.” ಅವನ ಮೇಲೆ ಹಾಕುತ್ತಿಲ್ಲ — ಅವನು ಹಾಗನ್ನಲಿ ಎಂದೇ ಹೇಳಿದ್ದೆ. ಕೆಲಸ ಪರ್ಮನೆಂಟ್ ಆಯಿತು. ಪಾರ್ಟಿಯನ್ನೂ ಕೊಟ್ಟೆವು.

ಆಮೇಲೂ ನೀವು ಬರುತ್ತಿದ್ದಿರಿ. ಟಿಕೆಟ್ ಕೊಂಡು — ನಿಮ್ಮದೇ ಚಿತ್ರ ನೋಡಲು ಟಿಕೆಟ್ ಕೊಂಡು! — ಅದರೆದುರು ಬೆಂಚಿನ ಮೇಲೆ ಕೂರುತ್ತಿದ್ದಿರಿ. ನಾನು ಬೇರೆ ಮೆಟ್ಟಿಲಿನಿಂದ ಇಳಿದು ಹೋಗುತ್ತಿದ್ದೆ. ಹೋದ ಚಳಿಗಾಲದಲ್ಲಿ ಒಮ್ಮೆ ನಿಮ್ಮ ಎದುರಿಗೇ ಸಿಕ್ಕಿಬಿದ್ದೆ. ನೀವು ಎದ್ದು ಬಂದು ಒಂದು ಡಬ್ಬಿ ಕೈಗಿಟ್ಟಿರಿ, ಗಸಗಸೆ ತುಂಬಿದ ಬನ್ನು, ನೀವೇ ಮಾಡಿದ್ದು. “ಅಂದು ಈ ಮುದುಕಿಯ ಮಾತನ್ನು ತಾಳ್ಮೆಯಿಂದ ಕೇಳಿದಿ,” ಎಂದಿರಿ. ಒಂದು ತುಣುಕು ಬಾಯಿಗಿಟ್ಟೆ. ಡಬ್ಬಿ ಮುಚ್ಚಿದೆ. ಅಲ್ಲಿಂದ ನೇರವಾಗಿ ಡೈರೆಕ್ಟರ್ ಕೋಣೆಗೆ ಹೋದೆ.

ಬಟ್ಟೆ ಬಿಡಿಸಿದೆವು. ಬೆಕ್ಕು ಹಾಗೇ ಇತ್ತು. ಚಿತ್ರವನ್ನು ನಿಮಗೆ ಮರಳಿಸಬೇಕೆಂದು ತೀರ್ಮಾನವಾಯಿತು. ನನ್ನ ಕೆಲಸದ ವಿಚಾರಣೆ ನಡೆದಿದೆ. ಅದನ್ನು ಹೇಳಿ ನಿಮ್ಮ ಕನಿಕರ ಕೇಳಲಾರೆ.

ಮೊನ್ನೆ ನಿಮ್ಮ ಅಪಾರ್ಟ್‌ಮೆಂಟಿಗೆ ಡೈರೆಕ್ಟರ್ ಜೊತೆ ನಾನೂ ಬಂದೆ. ಚಿತ್ರ ನನ್ನ ಕೈಯಲ್ಲಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ — ಫೋಟೋ, ಅಂಟು, ಸುಳ್ಳು. ನೀವು ಚಿತ್ರದ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಿರಿ.

“ಆ ಬೆಕ್ಕಿನ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುತ್ತಿದ್ದೆ,” ಎಂದಿರಿ. “ನಿಲ್ಲಿಸಿಬಿಟ್ಟೆ. ಬೆಕ್ಕೇ ಸುಳ್ಳಾದರೆ ಅಪ್ಪ ನಕ್ಕದ್ದೂ ಸುಳ್ಳೇ ಅಲ್ಲವೇ? ಅಪ್ಪನದು ಅಂತ ನನ್ನ ಹತ್ತಿರ ಇದ್ದದ್ದು ಆ ನಗು ಒಂದೇ.”

ಕ್ಷಮಿಸಿ ಎನ್ನುವ ಬದಲು ಚಿತ್ರವನ್ನು ಮುಂದೆ ಚಾಚಿದೆ.

“ತೆಗೆದುಕೊಳ್ಳುತ್ತೇನೆ,” ಎಂದಿರಿ. “ನಿನ್ನ ಕೈಯಿಂದ ಬೇಡ.”

ಡೈರೆಕ್ಟರಿಗೆ ಚಿತ್ರ ಕೊಟ್ಟು ನಾನು ಹೊರಗೆ ಕಾರಿಡಾರಿನಲ್ಲಿ ನಿಂತೆ.