ಕೊಟ್ಟು ತಂದ ಸೆಮಿಸ್ಟರ್

ಮಾರ್ಚ್ ತಿಂಗಳ ಒಂದು ಭಾನುವಾರ. ಜರ್ಮನಿಯ ಹುಡುಗಿಯೊಬ್ಬಳು ಕೋಗಿಲಿನ ನಮ್ಮ ಮನೆಯ ಹಿತ್ತಲಿನಲ್ಲಿ ಮಣೆ ಮೇಲೆ ಕೂತು, ನನ್ನ ಅತ್ತೆಯಿಂದ ತಲೆಗೆ ಹರಳೆಣ್ಣೆ ಹಾಕಿಸಿಕೊಳ್ಳುತ್ತಿದ್ದಳು. ಎಣ್ಣೆ ಕಿವಿಯ ಹಿಂದಿನಿಂದ ಇಳಿದು ಟೀ ಶರ್ಟ್ ಸೇರುತ್ತಿತ್ತು. ಹುಡುಗಿ ಕಣ್ಣು ಮುಚ್ಚಿ ನಗುತ್ತಿದ್ದಳು. (ಪಾಪ, ಸೀಗೇಕಾಯಿ ಇನ್ನೂ ಬಾಕಿ ಇತ್ತು.)

ಇದಕ್ಕೆಲ್ಲ ಕಾರಣ ನನ್ನ ಮಗಳು ಸಹನಾ. ಕಾಲೇಜಿನ ಎಕ್ಸ್‌ಚೇಂಜ್ ಪ್ರೋಗ್ರಾಂನಲ್ಲಿ ಅವಳಿಗೆ ಒಂದು ಸೆಮಿಸ್ಟರ್ ಜರ್ಮನಿಯಲ್ಲಿ ಓದಲು ಸೀಟು ಸಿಕ್ಕಿತ್ತು. ನಾನು ಹಿಗ್ಗಿ ಹೀರೇಕಾಯಿಯಾದೆ. ಅಲ್ಲಿ ಪಾಸಾದ ಸಬ್ಜೆಕ್ಟಿನ ಕ್ರೆಡಿಟ್ ಇಲ್ಲಿನ ಮಾರ್ಕ್ಸ್ ಕಾರ್ಡಿಗೇ ಸೇರುತ್ತದೆ ಎಂದು ಅತ್ತೆಗೆ ಉತ್ಸಾಹದಿಂದ ವಿವರಿಸಿದೆ. ಅವರು ಕೇಳಿದ್ದು ಒಂದೇ.

"ಅಲ್ಲಿ ಮಗೀಗೆ ಯಾರವ್ರೆ?"

ಯಾರೂ ಇಲ್ಲ. ಅತ್ತೆ ಅವತ್ತಿನಿಂದ ಊಟ ಅರ್ಧಕ್ಕೇ ಬಿಡತೊಡಗಿದರು. ಸಮಾಧಾನವಾಗಲೆಂದು ಹೇಳಿದೆ: ಇಲ್ಲಿಂದ ಒಬ್ಬಳು ಹೋದರೆ ಅಲ್ಲಿಂದ ಒಬ್ಬಳು ಬರುತ್ತಾಳೆ, ಆನಾ ಅಂತ, ಆಗಲೇ ಬಂದು ಯಲಹಂಕದ ಹಾಸ್ಟೆಲಿನಲ್ಲಿದ್ದಾಳೆ.

ಅತ್ತೆಯ ಮುಖ ಅರಳಿತು. "ಕೊಟ್ಟು ತರೋದು ಅನ್ನು ಮತ್ತೆ."

ಗೊತ್ತಲ್ಲ? ಒಂದು ಮನೆಗೆ ಹೆಣ್ಣು ಕೊಟ್ಟು ಅದೇ ಮನೆಯಿಂದ ಹೆಣ್ಣು ತರುವುದು. ಅತ್ತೆಯ ಮದುವೆ ಆದದ್ದೇ ಹಾಗೆ. ಬ್ಯಾಟರಾಯನಪುರದಿಂದ ಇವರು ಕೋಗಿಲಿಗೆ ಬಂದರು. ಮಾವನವರ ತಂಗಿ ಇವರ ಅಣ್ಣನ ಕೈ ಹಿಡಿದು ಬ್ಯಾಟರಾಯನಪುರಕ್ಕೆ ಹೋದರು. ಇಲ್ಲಿ ಸೊಸೆಗೆ ಒಂದು ಮಾತು ಬಿದ್ದರೆ ಅಲ್ಲೂ ಬೀಳುತ್ತಿತ್ತು. ಇಲ್ಲಿ ಹಬ್ಬಕ್ಕೆ ಸೀರೆ ಬಂದರೆ ಅಲ್ಲಿಗೂ ಬರುತ್ತಿತ್ತು.

ನಾನು ಮೊಬೈಲಿನಲ್ಲಿ ಮ್ಯಾಪ್ ತೆಗೆದೆ. ಆನಾಳ ಅಪ್ಪ ಅಮ್ಮ ಇರುವುದು ಒಂದು ಊರು, ಸಹನಾ ಓದುವುದು ಇನ್ನೊಂದು ಊರು, ನಡುವೆ ರೈಲಿನಲ್ಲಿ ಅರ್ಧ ದಿನದ ದಾರಿ. ಇದು ಕಾಲೇಜಿನ ವ್ಯವಹಾರ, ಬೀಗರ ವ್ಯವಹಾರವಲ್ಲ ಎಂದೆ. ಅತ್ತೆ ಮ್ಯಾಪ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಅವ್ರ ಮಗೀನ ನಾವು ಸಂದಾಗಿ ನೋಡ್ಕಂಡ್ರೆ ನಮ್ ಮಗೀನ ಅವ್ರು ನೋಡ್ಕಂತಾರೆ. ಸುಮ್ಕಿರಮ್ಮ."

ಅಂದಿನಿಂದ ಪ್ರತಿ ಭಾನುವಾರ ಆನಾ ನಮ್ಮ ಮನೆಯಲ್ಲಿ. ಮುದ್ದೆ, ಸೊಪ್ಪಿನ ಸಾರು, ಎಣ್ಣೆ ಸ್ನಾನ. ನಮ್ಮ ಸಹನಾ ಹರಳೆಣ್ಣೆ ಕಂಡರೆ ಹೆಬ್ಬಾಳದವರೆಗೂ ಓಡುವವಳು. (ಫ್ಲೈಓವರ್ ಟ್ರಾಫಿಕ್ ಇಲ್ಲದಿದ್ದರೆ ಇನ್ನೂ ಮುಂದೆ.)

ಏಪ್ರಿಲ್‌ನಲ್ಲಿ ಸಹನಾ ಹೊರಟಳು. ಮೊದಮೊದಲು ಫೋನಿನಲ್ಲಿ ಬರೀ ಸಂಭ್ರಮ. ಮೇ ಕೊನೆಗೆ ಒಂದು ದಿನ ಬಿಕ್ಕಿ ಬಿಕ್ಕಿ ಅತ್ತಳು. ಕ್ಲಾಸ್ ಬಿಟ್ಟರೆ ಮಾತಾಡಲು ಒಬ್ಬರಿಲ್ಲ, ರೂಮಿನಲ್ಲಿ ಒಬ್ಬಳೇ ಕೂತು ಬ್ರೆಡ್ ತಿನ್ನುವುದು ಸಾಕಾಯಿತು, ಎಲ್ಲ ಬಿಟ್ಟು ಬಂದುಬಿಡುತ್ತೇನೆ ಎಂದಳು. ಅತ್ತೆಗೆ ಹೇಳಲು ಧೈರ್ಯ ಬರಲಿಲ್ಲ. ಏನಂತ ಹೇಳಲಿ? ಅವರ ಪ್ರಶ್ನೆಯೇ ಸರಿಯಾಗಿತ್ತು ಅಂತಲೇ?

ಅದೇ ವಾರ ಆನಾ ತನ್ನ ಊರಿಗೆ ಹೊರಟಿದ್ದಳು. ಅತ್ತೆ ಕುಂಕುಮ ಇಟ್ಟು, ನಿಪ್ಪಟ್ಟಿನ ಡಬ್ಬಿ, ಒಂದು ಬಾಟಲಿ ಹರಳೆಣ್ಣೆ ಕೊಟ್ಟು ಕಳಿಸಿದರು. ಗೇಟಿನ ಹತ್ತಿರ ನಾನು ಆನಾಳಿಗೆ ಮಾತ್ರ ಸಹನಾಳ ವಿಷಯ ಹೇಳಿದೆ. ಅವಳು ತಲೆಯಾಡಿಸಿದಳು, ಅಷ್ಟೆ.

ಕಳೆದ ಭಾನುವಾರ ವಾಟ್ಸಾಪಿಗೆ ಒಂದು ಫೋಟೋ ಬಂತು. ಆನಾ ರೈಲು ಹಿಡಿದು ಹೋಗಿ ಸಹನಾಳನ್ನು ತನ್ನ ಅಪ್ಪ ಅಮ್ಮನ ಮನೆಗೆ ಕರೆತಂದಿದ್ದಳು. ಅವಳ ಅಮ್ಮ ಎದುರಿಗೆ ಕೂತು ಎರಡೆರಡು ಸಲ ಬಡಿಸಿದರಂತೆ, ಮುಂದಿನ ವಾರವೂ ಬರಬೇಕು ಎಂದರಂತೆ. ಫೋಟೋದಲ್ಲಿ ಸಹನಾ ಸ್ಟೂಲ್ ಮೇಲೆ ಕೂತಿದ್ದಾಳೆ. ಹಿಂದೆ ನಿಂತ ಆನಾ ಅವಳ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಾಳೆ. ನಮ್ಮ ಹುಡುಗಿ ಓಡುತ್ತಿಲ್ಲ.

ಸಹನಾ ಈಗ ಬಿಟ್ಟು ಬರುವ ಮಾತೇ ಆಡುವುದಿಲ್ಲ. (ಈ ಸಬ್ಜೆಕ್ಟಿಗೆ ಕ್ರೆಡಿಟ್ ಎಷ್ಟು ಅಂತ ಕಾಲೇಜಿನವರನ್ನು ಕೇಳಬೇಕು.)

ನಾನು ಎಲ್ಲವನ್ನೂ ಹೇಳಿ ಅತ್ತೆಗೆ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಈಗ 'ನಾ ಯೋಳ್ಲಿಲ್ವಾ' ಅನ್ನುತ್ತಾರೆ ಎಂದು ಸೋಲೊಪ್ಪಿಕೊಳ್ಳಲು ಸಿದ್ಧಳಾಗಿ ನಿಂತೆ.

"ಎಣ್ಣೆ ಸಾಲ್ದು ಕಣಮ್ಮ" ಅಂದರು.