ನೀಲಿ ಹೆಚ್ಚಾದ ಅಂಗಿ

ಮೊದಲು ಹಳದಿಯಾದದ್ದು ನನ್ನ ಬಿಳಿ ಅಂಗಿ.

ಅಷ್ಟರಲ್ಲಾಗಲೇ ಗ್ಲಾಕೋಮಾ ನನ್ನ ಎಡಗಣ್ಣನ್ನು ತಿಂದು ಮುಗಿಸಿತ್ತು. ಉಳಿದ ಬಲಗಣ್ಣಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಒಳಗಿನ ನೀರು ಹರಿದುಹೋಗಲು ದಾರಿ ಮಾಡಿದರು. ಕಣ್ಣಿನ ಪ್ರೆಶರ್ ಇಳಿಯಿತು. ಗೆದ್ದೆ ಎಂದುಕೊಂಡು ದಾಂಡೇಲಿಗೆ ಮರಳಿ ಕಾಗದದ ಕಾರ್ಖಾನೆಯ ಕೆಲಸಕ್ಕೆ ಹೋದೆ. ಹಾಳೆಗಳನ್ನು ಬೆಳಕಿಗೆ ಹಿಡಿದು, ಕಲೆ ಇದ್ದದ್ದನ್ನು ಬೇರೆ ಮಾಡುವುದು ನನ್ನ ಕೆಲಸ. ಬಿಳಿ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬವಿತ್ತು.

ಕೆಲವು ತಿಂಗಳ ನಂತರ ಹೆಂಡತಿ ಗಂಗಾಳ ಮೇಲೆ ರೇಗಿದೆ.

“ಒಗೆದ ಅಂಗಿಗೆ ನೀಲಿ ಹಾಕೂದು ಬಿಟ್ಟಿಯೇನು? ಹಳದಿ ಆಗೇತಿ ನೋಡು.”

“ಹಾಕೇನ್ರಿ.”

“ಇನ್ನಷ್ಟು ಹಾಕು.”

ಹಾಕಿದಳು. ನನಗೆ ಸಾಲಲಿಲ್ಲ. ಮತ್ತೆ ಹಾಕಿದಳು. ಕೊನೆಗೊಂದು ದಿನ ಅಂಗಿ ಬೆಳ್ಳಗೆ ಕಂಡಿತು. ಖುಷಿಯಿಂದ ತೊಟ್ಟು ಕೆಲಸಕ್ಕೆ ಹೋದೆ. ಜೊತೆಗಾರ ಇಸ್ಮಾಯಿಲ್ ಬಾಗಿಲಲ್ಲೇ ನಕ್ಕ.

“ಏನಪಾ, ಇವತ್ತ ನೀಲಿ ಅಂಗಿ?”

ಒಳಗೆ ಹೋಗಿ ಹಾಳೆ ಎತ್ತಿ ನೋಡಿದೆ. ಹಳದಿ. ಅದರ ಕೆಳಗಿನದೂ ಹಳದಿ.

ಹುಬ್ಬಳ್ಳಿಯ ಡಾಕ್ಟರ್ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. “ಕ್ಯಾಟರ್ಯಾಕ್ಟ್, ಕಣ್ಣಿಗೆ ಪೊರಿ ಬಂದೈತ್ರಿ. ಅದಕ್ಕ ಬಿಳೀದು ಹಳದಿ ಕಾಣತೈತಿ. ಈ ಆಪರೇಷನ್ ಆದಮ್ಯಾಲೆ ಲಗೂನ ಬರಬಹುದು ಅಂತ ಆವಾಗ ಹೇಳಿದ್ವಿ.”

ಹೇಳಿದ್ದರು. ಕಣ್ಣು ಉಳಿದರೆ ಸಾಕೆಂದು ತಲೆಯಾಡಿಸಿದ್ದೆ.

“ತಗದ್ರಾತಲ್ರಿ?” ಎಂದಳು ಗಂಗಾ.

“ತಗೀಬಹುದು. ಆದ್ರ ನಾವು ಮಾಡಿದ ದಾರಿ ಮುಚ್ಚಿ, ಮತ್ತ ಪ್ರೆಶರ್ ಏರಬಹುದು. ಸದ್ಯ ಕಾಯೂಣು.”

ಇರುವುದೊಂದೇ ಕಣ್ಣು. ಪೊರೆ ತೆಗೆಸಿದರೆ ಅದೂ ಹೋದೀತು, ಬಿಟ್ಟರೆ ದಿನದಿಂದ ದಿನಕ್ಕೆ ಮಬ್ಬು. ಅತ್ತ ದರಿ, ಇತ್ತ ಪುಲಿ. ಬಸ್ಸಿನಲ್ಲಿ ಅಳು ಬಂತು. ಅಳುವುದಕ್ಕೆ ಮಾತ್ರ ಕಣ್ಣು ಚೆನ್ನಾಗಿಯೇ ಇದೆ.

ಹಳಿಯಾಳ ದಾಟಿದ ಮೇಲೆ ಗಂಗಾಳನ್ನು ಕೇಳಿದೆ. “ಅಂಗಿ ನೀಲಿ ಆಗೈತಿ ಅಂತ ಯಾಕ ಹೇಳಲಿಲ್ಲ?”

“ಬೆಳ್ಳಗಾತು ಅಂತ ನಕ್ರಿ. ಎಷ್ಟ ದಿನದ ಮ್ಯಾಲೆ ನಕ್ಕಿದ್ರಿ. ಹೆಂಗ ಹೇಳ್ಲಿ?”

ಈಗ ಹಾಳೆ ನೋಡುವ ಕೆಲಸ ಹೋಯಿತು. ಬಂಡಲ್ ಕಟ್ಟುವ ಕಡೆ ಹಾಕಿದ್ದಾರೆ. ಪ್ರೆಶರ್ ಏರಿಲ್ಲ, ಅದೇ ಪುಣ್ಯ ಎನ್ನುತ್ತಾರೆ ಎಲ್ಲರೂ. ನಾನೂ ಎನ್ನುತ್ತೇನೆ. ಗಂಗಾ ಈಗ ಹೆಚ್ಚು ನೀಲಿ ಹಾಕುವುದಿಲ್ಲ, ಮೊದಲಿನಷ್ಟೇ ಹಾಕುತ್ತಾಳೆ. ತೊಡುವ ಮುಂಚೆ ಕೇಳುತ್ತೇನೆ.

“ಬೆಳ್ಳಗ ಐತೇನು?”

“ಐತ್ರಿ.”

ಹಳದಿ ಅಂಗಿಯ ಗುಂಡಿ ಹಾಕಿಕೊಂಡು ಹೊರಡುತ್ತೇನೆ.