ಪಣಕಹಳ್ಳಿಯ ಮಿಸಿನಕ್ಕ

ಚಿಕ್ಕತಾಯಕ್ಕ ಯಾವ ಯಂತ್ರವನ್ನೂ ಮೊದಲು ಕಣ್ಣಿಂದ ನೋಡುತ್ತಿರಲಿಲ್ಲ, ಮೂಸುತ್ತಿದ್ದರು. ನನ್ನ ಮೊಪೆಡ್ ಕೆಟ್ಟು ನಿಂತರೂ ಅಷ್ಟೆ, ಪಕ್ಕದ ಮನೆಯ ಮಿಕ್ಸಿ ಕೆಟ್ಟರೂ ಅಷ್ಟೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಕಣ್ಣು ಮುಚ್ಚಿ, ಹಲಸಿನ ಹಣ್ಣು ಕೊಳ್ಳುವವರ ಹಾಗೆ ಒಮ್ಮೆ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದರು. ಆಮೇಲೆ ‘ವಾರ್ನಿಸು ಸುಟ್ಟದೆ’ ಅನ್ನುವರು, ಇಲ್ಲವೇ ‘ಇದ್ಕೇನೂ ಆಗಿಲ್ಲ, ಬರೀ ಧೂಳು’ ಅನ್ನುವರು. ಹತ್ತಕ್ಕೆ ಒಂಬತ್ತು ಸಲ ಮೂಗು ಹೇಳಿದ್ದೇ ನಿಜವಾಗುತ್ತಿತ್ತು. ಹತ್ತನೆಯದು ತಪ್ಪಿದರೆ ನೆಗಡಿಯ ಮೇಲೆ ಹಾಕುತ್ತಿದ್ದರು. ಊರಲ್ಲಿ ಅವರಿಗೆ ಮಿಸಿನಕ್ಕ, ಅಂದರೆ ಮೆಷಿನ್ನಿನ ಅಕ್ಕ, ಎಂದೇ ಹೆಸರು.

ಅವರ ಪರಿಚಯವಾದದ್ದು ಒಂದು ದೂರಿನಿಂದ. ನಾನು ತಮಿಳುನಾಡಿನ ಗಡಿಯ ತಾಳವಾಡಿಯಲ್ಲಿ ಈಬಿ, ಅಂದರೆ ಕರೆಂಟು ಆಫೀಸಿನ ಲೈನ್‌ಮನ್. ಪಣಕಹಳ್ಳಿಯ ಬಸವಣ್ಣ ಎಂಬುವರು ಬಂದು, ದಿನಾ ಬೆಳಿಗ್ಗೆ ಹತ್ತಕ್ಕೆ ತಮ್ಮ ಮನೆಯ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತದೆ, ಪಕ್ಕದ ಮನೆಯ ಅಕ್ಕತಂಗಿಯರು ಒಳಗೊಳಗೇ ರೈಸ್‌ಮಿಲ್ಲು ಓಡಿಸುತ್ತಿದ್ದಾರೆ ಎಂದು ದೂರು ಕೊಟ್ಟರು. ಫ್ಯೂಸು ಕಿತ್ತುಕೊಂಡು ಬರುವ ಹುಮ್ಮಸ್ಸಿನಲ್ಲೇ ನಾನು ಹೋದೆ.

ಬಾಗಿಲು ತೆಗೆದ ಚಿಕ್ಕತಾಯಕ್ಕನಿಗೆ ಐವತ್ತು ದಾಟಿತ್ತು. ಕಿವಿಯ ಹಿಂದೆ ಒಂದು ಪೆನ್ಸಿಲ್, ಕೈಯಲ್ಲಿ ಬಣ್ಣ ಹಚ್ಚುವ ಬ್ರಷ್ಷು. ರಾಗಿ ಮೂಟೆ ಇರಬೇಕಾದ ಕೋಣೆಯಲ್ಲಿ ಆಳೆತ್ತರದ ಎರಡು ಕಬ್ಬಿಣದ ಬೀರುಗಳು ಗುಂಯ್ ಅನ್ನುತ್ತಿದ್ದವು. ಮುಖದ ತುಂಬ ಸಾಲು ಸಾಲು ಸ್ವಿಚ್ಚು, ಸಾಲು ಸಾಲು ಕೆಂಪು ದೀಪ. ನಾನು ಮೀಟರಿನ ಕಡೆ ಕೈ ಹಾಕಿದ್ದೇ ಅವರು ಅಡ್ಡ ಬಂದರು.

“ಈಗ ಫ್ಯೂಸು ತಗೀಬೇಡ ಕಣಪ್ಪ, ಲೆಕ್ಕ ಮಾಡ್ತಾ ಅದೆ. ಮುಗಿಸ್ಲಿ, ಆಮೇಲೆ ಕಿತ್ಕ ಓಗು.”

ಅದು ಕಂಪ್ಯೂಟರ್ ಎಂದರು. ನಾನು ನಂಬಲಿಲ್ಲ. ನಮ್ಮ ಆಫೀಸಿನಲ್ಲೂ ಕಂಪ್ಯೂಟರ್ ಇತ್ತು, ಅದಕ್ಕೆ ಟಿವಿಯ ಹಾಗೆ ಒಂದು ಗಾಜು ಇತ್ತು. ಇದರ ಗಾಜೆಲ್ಲಿ ಎಂದು ಕೇಳಿದೆ.

“ಇದ್ಕೆ ಮಖ ಇಲ್ಲ. ಬರೀ ಮಿದ್ಳು.”

ಆ ಕಾಲದಲ್ಲಿ ಇಂಥವನ್ನು ಮಿನಿ ಕಂಪ್ಯೂಟರ್ ಅನ್ನುತ್ತಿದ್ದರಂತೆ. ನಾಲ್ಕು ಆಳು ಸೇರಿದರೂ ಅಲುಗದ ಯಂತ್ರಕ್ಕೆ ಮಿನಿ ಎಂಬ ಹೆಸರು ಕೇಳಿ ನನಗೆ ನಗು ಬಂತು, ಅವರೂ ನಕ್ಕರು. ಫ್ಯೂಸು ಕೀಳುವ ಬದಲು ಕಂಬ ಹತ್ತಿ, ಹೊರೆ ಕಡಿಮೆಯಿದ್ದ ಇನ್ನೊಂದು ಫೇಸಿಗೆ ಅವರ ಮನೆಯ ಲೈನು ಬದಲಿಸಿದೆ. ಬಸವಣ್ಣನ ಟ್ಯೂಬ್‌ಲೈಟು ಸುಮ್ಮನಾಯಿತು. ಬೆಲ್ಲದ ಕಾಫಿ ಕುಡಿದು ಹೊರಟವನು ಮುಂದಿನ ವಾರ ಕೆಲಸವಿಲ್ಲದಿದ್ದರೂ ಹೋದೆ. ಆಮೇಲೆ ಹನ್ನೆರಡು ವರ್ಷ ಹೋಗುತ್ತಲೇ ಇದ್ದೆ.

ಅವರ ಅಪ್ಪ ಅಮ್ಮ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವರು. ಹತ್ತನೆಯ ಕ್ಲಾಸು ಮುಗಿಸಿದ ಮೇಲೆ ಚಿಕ್ಕತಾಯಕ್ಕ ಸೋದರತ್ತೆಯ ಜೊತೆ ಘಟ್ಟ ಇಳಿದು, ಕೊಯಮತ್ತೂರಿನ ಕಡೆಯ ಒಂದು ನೂಲಿನ ಗಿರಣಿಗೆ ಗುಡಿಸುವ ಕೆಲಸಕ್ಕೆ ಸೇರಿದರು. ಗಿರಣಿಯಲ್ಲಿ ಎಲ್ಲಿ ನೋಡಿದರೂ ಹತ್ತಿಯ ಧೂಳು, ಕಂಪ್ಯೂಟರಿಗೋ ಧೂಳೇ ಶತ್ರು. ಹಾಗಾಗಿ ಗಿರಣಿಯ ಕಂಪ್ಯೂಟರ್ ಇದ್ದ ತಣ್ಣನೆಯ ಕೋಣೆಯನ್ನು ದಿನಕ್ಕೆ ಮೂರು ಸಲ ಗುಡಿಸಿ ಒರೆಸಲು ಇವರನ್ನೇ ನೇಮಿಸಿದರು. ತಿಂಗಳಿಗೊಮ್ಮೆ ಮದರಾಸಿನಿಂದ ವರದನ್ ಎಂಬ ಎಂಜಿನಿಯರು ರಿಪೇರಿಗೆ ಬರುತ್ತಿದ್ದರು. ಅವರು ಕೇಳುವ ಮೊದಲೇ ಬೇಕಾದ ಸ್ಪಾನರನ್ನು ಚಿಕ್ಕತಾಯಕ್ಕ ಕೈಗಿಡುತ್ತಿದ್ದರಂತೆ. ಅದನ್ನು ಕಂಡು ವರದನ್ ಒಂದೊಂದಾಗಿ ಹೇಳಿಕೊಟ್ಟರು. ಐದಾರು ವರ್ಷದಲ್ಲಿ ಪೊರಕೆ ಬೇರೆಯವರ ಕೈಗೆ ಹೋಗಲಿಲ್ಲ, ಆದರೆ ಯಂತ್ರದ ಬೀಗದ ಕೈಯೂ ಇವರ ಸೆರಗಿಗೆ ಬಂತು.

ಗಿರಣಿ ಬಿಡುವಾಗ, ಎಲ್ಲರಿಗೂ ಕೊಡುವ ಹಿತ್ತಾಳೆ ದೀಪದ ಬದಲು ಹಿತ್ತಲಲ್ಲಿ ತೆಂಗಿನ ಗರಿ ಮುಚ್ಚಿಟ್ಟಿದ್ದ ಆ ಹಳೆಯ ಯಂತ್ರವನ್ನು ಕೊಡಿ ಎಂದು ಕೇಳಿದರಂತೆ. ಗುಜರಿಯವನಿಗೆ ಫೋನು ಮಾಡುವುದು ಉಳಿಯಿತು ಎಂದು ಕೊಟ್ಟುಬಿಟ್ಟರು. ಕೋಸು ಇಳಿಸಿ ಖಾಲಿ ವಾಪಸಾಗುವ ನಮ್ಮೂರಿನ ಲಾರಿಯಲ್ಲಿ ಅದು ಘಟ್ಟದ ಇಪ್ಪತ್ತೇಳು ತಿರುವು ಹತ್ತಿ ಬಂತು. ಘಟ್ಟದ ತುದಿಯ ದಿಂಬಂನಲ್ಲಿ ಟೀಗೆ ನಿಂತಾಗ, ಇದೇನು ದೊಡ್ಡ ಫ್ರಿಜ್ಜಾ ಎಂದು ಕೇಳಿದವರಿಗೆಲ್ಲ ಹೂಂ ಅಂದರಂತೆ. ಮುಂದೆ ಮುಚ್ಚಿಹೋದ ಸಕ್ಕರೆ ಕಾರ್ಖಾನೆಯಿಂದ ಒಂದು, ಕಾಲೇಜಿನ ಉಗ್ರಾಣದಿಂದ ಎರಡು ಬಂದವು. ತಂಗಿ ಪುಟ್ಟಮ್ಮನ ರಾಗಿ ಮೂಟೆಗಳು ಒಂದೊಂದಾಗಿ ಪಡಸಾಲೆಗೆ ಬಂದವು. ಪುಟ್ಟಮ್ಮ ಬಂದವರಿಗೆಲ್ಲ, ನಮ್ಮಕ್ಕ ನಾಲ್ಕು ಮದ್ವೆ ಮಾಡ್ಕಂಡವ್ಳೆ, ನಾಲ್ಕು ಗಂಡಂದ್ರೂ ಮಾತಾಡಕ್ಕಿಲ್ಲ ಎಂದು ಹೇಳುತ್ತಿದ್ದರು.

ಹೊಸದಾಗಿ ಬಂದ ಯಂತ್ರಕ್ಕೆ ಚಿಕ್ಕತಾಯಕ್ಕ ತಿಂಗಳುಗಟ್ಟಲೆ ಕರೆಂಟು ತೋರಿಸುತ್ತಿರಲಿಲ್ಲ. ಒಂದೊಂದೇ ಸರ್ಕ್ಯೂಟ್ ಹಲಗೆ ಹೊರಗೆಳೆದು ಬ್ರಷ್ಷಿನಲ್ಲಿ ಧೂಳು ತೆಗೆಯುವರು, ಅಂಚಿನ ಚಿನ್ನದ ಪಟ್ಟಿಗಳನ್ನು ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜುವರು. ಆಮೇಲೆ ದಿನಕ್ಕಿಷ್ಟು ಎಂದು ವೋಲ್ಟೇಜು ಏರಿಸುತ್ತಾ ಹೋಗುವರು. “ಇಪ್ಪತ್ತು ವರ್ಸ ಉಪಾಸ ಇರೋದ್ಕೆ ಒಂದೇ ಸಲ ಮುದ್ದೆ ಇಕ್ಕಬಾರ್ದು ಕಣ, ಮೊದ್ಲು ಗಂಜಿ,” ಅನ್ನುತ್ತಿದ್ದರು.

ಯಂತ್ರವನ್ನು ಎಬ್ಬಿಸಬೇಕಾದರೆ ಮುಖದ ಮೇಲಿನ ಸ್ವಿಚ್ಚುಗಳನ್ನು ಒಂದು ಕ್ರಮದಲ್ಲಿ ಮೇಲೆ ಕೆಳಗೆ ಮಾಡಬೇಕು. ಆ ಅಂಕಿಗಳನ್ನು ಅವರು ಬರೆದಿಟ್ಟಿರಲಿಲ್ಲ, ರಾಗಿ ಬೀಸುವ ಹಾಡಿನ ಧಾಟಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಹಾಡಿನಲ್ಲಿ ಎಂಟೂ ಒಂಬತ್ತೂ ಬರುವುದೇ ಇಲ್ಲವಲ್ಲ ಎಂದಾಗ, ಇದಕ್ಕೆ ಏಳರ ಮೇಲೆ ಎಣಿಸಲು ಬರುವುದಿಲ್ಲ, ಆದರೂ ಇಡೀ ಗಿರಣಿಯ ಲೆಕ್ಕ ನೋಡಿಕೊಂಡಿತ್ತು ಎಂದು ಹೆಮ್ಮೆಯಿಂದ ಹೇಳಿದರು. ಯಂತ್ರ ಓದುವ ಕಾಗದದ ಪಟ್ಟಿಗೆ ತೂತು ಹೊಡೆಯುವಾಗ ಉದುರುವ ಚೂರುಗಳನ್ನು ಒಮ್ಮೆ ತಿಪ್ಪೆಗೆ ಸುರಿದಿದ್ದರು. ಬಸವಣ್ಣನ ಕೋಳಿಗಳು ನುಚ್ಚೆಂದು ತಿಳಿದು ಅದನ್ನು ಹೊಟ್ಟೆ ತುಂಬ ತಿಂದವು. ಅದಕ್ಕೂ ದೂರು ನನ್ನ ಹತ್ತಿರವೇ ಬಂತು.

ಇದೆಲ್ಲ ಮಾಡುವ ಲೆಕ್ಕವನ್ನು ನನ್ನ ಫೋನು ಚಿಟಿಕೆಯಲ್ಲಿ ಮಾಡುತ್ತದಲ್ಲ ಅಕ್ಕ ಎಂದು ಒಮ್ಮೆ ಕೆಣಕಿದೆ. ಅವರು ಬ್ರಷ್ಷು ಕೆಳಗಿಟ್ಟರು.

“ನಿನ್ ಫೋನು ಕೆಟ್ರೆ ಏನ್ ಮಾಡೀಯೆ? ಎಸ್ದು ಬುಟ್ಟು ಇನ್ನೊಂದು ತತ್ತೀಯೆ. ಇದು ಕೆಟ್ರೆ ಎಲ್ಲಿ ಕೆಟ್ಟದೆ ಅಂತ ಬೆಟ್ಟು ಮಡಗಿ ತೋರುಸ್ಬೌದು ಕಣ್ಲಾ.”

ಬೆರಳಿಟ್ಟು ತೋರಿಸುವುದು ಅವರಿಗೆ ಯಾಕೆ ಅಷ್ಟು ಮುಖ್ಯವಾಗಿತ್ತು ಎಂದು ತಿಳಿದದ್ದು ಮೂರು ವರ್ಷದ ಹಿಂದೆ. ಉಳಿದ ಯಂತ್ರಗಳು ಓಡಿದರೂ ಗಿರಣಿಯಿಂದ ಬಂದ ಮೊದಲನೆಯದು ಮಾತ್ರ ಎದ್ದಿರಲಿಲ್ಲ. ಅದರ ನೆನಪಿನ ಹಲಗೆಯಲ್ಲಿ ಒಂದು ತಂತಿ ತುಂಡಾಗಿತ್ತು. ಸಾಸಿವೆಗಿಂತ ಸಣ್ಣ ಕಪ್ಪು ಉಂಗುರಗಳು ಸಾವಿರಗಟ್ಟಲೆ, ಒಂದೊಂದರ ಒಳಗೂ ಕೂದಲೆಳೆಯಂಥ ತಂತಿಗಳು, ಎಲ್ಲ ಕೈಯಲ್ಲೇ ಪೋಣಿಸಿದ್ದು. ಕರೆಂಟು ಹೋದರೂ ಆ ಉಂಗುರಗಳು ಕಲಿತದ್ದನ್ನು ಮರೆಯುವುದಿಲ್ಲವಂತೆ. ಆ ಒಂದು ತಂತಿಯನ್ನು ಹೊಸದಾಗಿ ಪೋಣಿಸಬೇಕಿತ್ತು, ಆದರೆ ಅಕ್ಕನ ಕಣ್ಣಿಗೆ ಪೊರೆ ಬಂದಿತ್ತು. ನನ್ನ ಹೆಂಡತಿ ಗೌರಿ ಬಟ್ಟೆ ಹೊಲಿಯುತ್ತಾಳೆ, ಸೀರೆಗೆ ಕುಚ್ಚು ಕಟ್ಟುತ್ತಾಳೆ. ಅವಳ ಕೆಲಸ ನೋಡಿದ್ದ ಅಕ್ಕ ಅವಳನ್ನು ಕಳಿಸು ಎಂದರು.

ಗೌರಿ ಹನ್ನೊಂದು ಮಧ್ಯಾಹ್ನ ಕೂತಳು. ಗಡಿಯಾರ ರಿಪೇರಿಯವನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಗುಜರಿಯಲ್ಲಿ ಸಿಕ್ಕ ಇನ್ನೊಂದು ಕೆಟ್ಟ ಹಲಗೆಯಿಂದ ಬಿಚ್ಚಿದ ತಂತಿಯನ್ನು ಉಂಗುರದಿಂದ ಉಂಗುರಕ್ಕೆ ದಾಟಿಸಿದಳು. ಮೊದಲ ಸಲ ಕೊನೆಯ ನಾಲ್ಕು ಉಂಗುರ ಇರುವಾಗ ತಂತಿಯ ಮೇಲಿನ ಮೆರುಗು ಕಿತ್ತುಹೋಗಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಬೇಸತ್ತು, ಬೇರೆ ಮೂರು ಓಡುತ್ತಿರುವಾಗ ಇದೊಂದು ಯಾಕಕ್ಕ ಎಂದು ಕೇಳಿದಳಂತೆ. ಆಗ ಅಕ್ಕ ಹೇಳಿದರು.

ಈ ಯಂತ್ರ ನಿಂತುಹೋದಾಗ ಗಿರಣಿಗೆ ಹೊಸ ಸೂಪರ್‌ವೈಸರ್ ಬಂದಿದ್ದ. ಗುಡಿಸುವ ಹೆಂಗಸು ನೆಲ ಒರೆಸುವ ನೀರು ಚೆಲ್ಲಿ ಯಂತ್ರ ಕೆಡಿಸಿದ್ದಾಳೆ ಎಂದು ಅವನು ವರದಿ ಟೈಪು ಮಾಡಿಸಿದ. ವರದನ್ ಯಂತ್ರವನ್ನು ಬಿಚ್ಚಿಯೂ ನೋಡದೆ ಅದಕ್ಕೆ ಸಹಿ ಹಾಕಿ ಬಸ್ಸು ಹಿಡಿದರು. ಅಲ್ಲಿಂದ ಮುಂದೆ ಗಿರಣಿ ಬಿಡುವ ತನಕ ಚಿಕ್ಕತಾಯಕ್ಕ ಹತ್ತಿ ಗೋಡೌನಿನಲ್ಲೇ ಕೆಲಸ ಮಾಡಿದರು.

“ಸೂಪರ್‌ವೈಸರ್ ಬರೆದದ್ದು ಬುಡು, ಅವನು ನನ್ನ ಕಂಡೋನಲ್ಲ,” ಅಂದರಂತೆ. “ವರದನ್ ಸಾರು ಕಂಡೋರು. ಒಂದ್ ತೊಟ್ಟು ನೀರ ನಾನು ಆ ರೂಮಲ್ಲಿ ಚೆಲ್ಲೋಳಲ್ಲ ಅಂತ ಗೊತ್ತಿತ್ತು ಅವ್ರಿಗೆ.”

ಹನ್ನೊಂದನೆಯ ಮಧ್ಯಾಹ್ನ ಹಲಗೆ ಒಳಗೆ ಕೂತಿತು, ದೀಪಗಳು ಓಡಾಡಿದವು, ಅಕ್ಕ ಹಾಡು ಹೇಳಿ ಯಂತ್ರ ಎಬ್ಬಿಸಿದರು. ಮರುದಿನ ವರದನ್ ನಂಬರಿದ್ದ ಹಳೆಯ ಕಾರ್ಡೊಂದು ಹುಡುಕಿ ನನ್ನ ಫೋನಿನಿಂದ ಅವರೊಡನೆ ಮಾತಾಡಿದರು. ಯಂತ್ರ ಓಡುತ್ತಿದೆ, ಬಂದು ನೋಡಿ ಸಾರ್ ಎಂದಷ್ಟೇ ಹೇಳಿದರು.

ಬಸ್ಸಿನಿಂದ ತಾಳವಾಡಿಯಲ್ಲಿ ಇಳಿದ ವರದನ್ ಎಪ್ಪತ್ತೈದರ ತೆಳ್ಳನೆಯ ಮನುಷ್ಯ. ಒಂಬತ್ತನೆಯ ತಿರುವಿನಿಂದಾಚೆಗೆ ಕಣ್ಣು ಬಿಟ್ಟೇ ಇಲ್ಲ ಎಂದರು. ಪಣಕಹಳ್ಳಿಗೆ ಕರೆತಂದರೆ ಅಕ್ಕ ಯಂತ್ರದ ಕೋಣೆಗೆ ಬಿಡಲೇ ಇಲ್ಲ. ಮೊದಲು ಊಟ. ಮುದ್ದೆ, ಅವರೆಕಾಳಿನ ಸಾರು, ತುಪ್ಪ. ಬಸವಣ್ಣನನ್ನೂ ಊಟಕ್ಕೆ ಕರೆದಿದ್ದರು. ಕೈ ತೊಳೆದ ಮೇಲೆ ಯಂತ್ರ ಓಡಿಸಿ ತೋರಿಸಿದರು. ಮುದುಕರು ಮಗುವಿನ ಹಾಗೆ ದೀಪಗಳ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಆಗ ಅಕ್ಕ ಒಂದು ಕುಂಕುಮದ ಡಬ್ಬಿ ತಂದು, ಅದರಿಂದ ಒಂದು ಸ್ಕ್ರೂ ತೆಗೆದು ಅವರ ಅಂಗೈಯಲ್ಲಿಟ್ಟರು.

ಅಂಗುಲಕ್ಕಿಂತ ಉದ್ದದ ಸ್ಕ್ರೂ. ನೆನಪಿನ ಹಲಗೆಯಲ್ಲಿ ಇರಬೇಕಾದದ್ದು ಅದರ ಅರ್ಧದಷ್ಟು. ಗಿಡ್ಡದು ಕಳೆದುಹೋದಾಗ ಯಾರೋ ಕೈಗೆ ಸಿಕ್ಕಿದ್ದನ್ನು ಬಿಗಿದಿದ್ದರು. ಅದರ ಮೊನೆ ಯಂತ್ರ ಅದುರಿದಾಗಲೆಲ್ಲ ತಂತಿಯನ್ನು ಸವೆಸಿ ಸವೆಸಿ ಕತ್ತರಿಸಿತ್ತು. ಆ ಹಲಗೆ ಬಿಚ್ಚಿ ಬಿಗಿಯುತ್ತಿದ್ದವರು ಒಬ್ಬರೇ.

ವರದನ್ ಸ್ಕ್ರೂವನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಪುಟ್ಟಮ್ಮ, ಬಸವಣ್ಣ, ಗೌರಿ, ನಾನು ಎಲ್ಲರೂ ನಿಂತಿದ್ದೆವು.

“ಎನ್ನೋಡ ತಪ್ಪುಮ್ಮಾ,” ಎಂದರು, ನನ್ನದೇ ತಪ್ಪು ಎಂದು. ಬರೆದುಕೊಡುತ್ತೇನೆ, ಕಾಗದ ಕೊಡಿ ಎಂದೂ ಕೇಳಿದರು. ಅಕ್ಕ ಬೇಡವೆಂದರು. ಗಿರಣಿಯೇ ಮುಚ್ಚಿಹೋಗಿದೆ, ಯಾರಿಗೆ ಬರೆಯುತ್ತೀರಿ, ಇವರೆಲ್ಲ ಕೇಳಿಸಿಕೊಂಡರಲ್ಲ ಸಾಕು ಎಂದು ತಮಿಳಿನಲ್ಲಿ ಹೇಳಿದರು. ಮುದುಕರು ತಲೆ ಎತ್ತಲಿಲ್ಲ. ಅವರ ಕಣ್ಣೀರು ಮೂಗಿನ ತುದಿಗೆ ಬಂದಿತ್ತು. ಅಕ್ಕ ಅದನ್ನು ನೋಡಿ, ಈ ಸಲ ಕನ್ನಡದಲ್ಲೇ ಅಂದರು:

“ಮುಂದ್ಲ ಸಲ ಬರುವಾಗ ಗಿಡ್ಡದು ತನ್ನಿ ಸಾರ್.”

ಬಸವಣ್ಣನೇ ಮೊದಲು ನಕ್ಕರು. ನಾನು ತಮಿಳಿನಲ್ಲಿ ತಿಳಿಸಿದ ಮೇಲೆ ವರದನ್ ಕೂಡ ಕಣ್ಣೊರೆಸಿಕೊಂಡು ನಕ್ಕರು. ಆರು ತಿಂಗಳ ಮೇಲೆ ಅವರು ನಿಜವಾಗಿಯೂ ಗಿಡ್ಡ ಸ್ಕ್ರೂಗಳ ಒಂದು ಪೊಟ್ಟಣ ಹಿಡಿದು ಬಂದರು. ಆಮೇಲೆ ಇಬ್ಬರೂ ವಾರಕ್ಕೊಮ್ಮೆ ಫೋನಿನಲ್ಲಿ ಜಗಳವಾಡುತ್ತಿದ್ದರು, ಯಾವ ಹಲಗೆಯಲ್ಲಿ ಯಾವ ಚಿಪ್ ಬೆಚ್ಚಗಾಗುತ್ತದೆ ಎಂದು.

ಹೋದ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಚಿಕ್ಕತಾಯಕ್ಕ ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು, ಜಗಲಿಯಲ್ಲಿ ಕೂತವರು ಏಳಲಿಲ್ಲ. ವರದನ್‌ಗೆ ಆಗ ಘಟ್ಟ ಹತ್ತುವ ಶಕ್ತಿ ಇರಲಿಲ್ಲ. ಮೂರನೆಯ ದಿನ ಹಾಲು ತುಪ್ಪ ಬಿಟ್ಟು ನಾವು ಅಕ್ಕನ ಮನೆಗೆ ಬಂದ ಮೇಲೆ ಅವರ ಫೋನು ಬಂತು. ಒಂದು ಸಲ ಯಂತ್ರ ಓಡಿಸಿ ಕೇಳಿಸುತ್ತೀಯಾ ಎಂದರು.

ಪುಟ್ಟಮ್ಮ ಹೂಂ ಅಂದ ಮೇಲೆ ಗೌರಿ ಹೋಗಿ, ಅಕ್ಕನಿಂದ ಕಲಿತ ಹಾಡು ಹೇಳಿಕೊಳ್ಳುತ್ತ ಸ್ವಿಚ್ಚು ಹಾಕಿದಳು. ನಾನು ಫೋನನ್ನು ಬೀರುವಿನ ಹತ್ತಿರ ಹಿಡಿದು ನಿಂತೆ. ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ಅಳುತ್ತಿರಬೇಕು ಎಂದುಕೊಂಡೆ. ಆಮೇಲೆ, ಎಡಗಡೆಯ ಫ್ಯಾನು ನಿಧಾನವಾಗಿ ತಿರುಗುತ್ತಿದೆಯಲ್ಲ, ನೋಡಪ್ಪ ಎಂದರು.

ಗೌರಿ ಬಗ್ಗಿ ನೋಡಿದಳು. ನಿಜವೇ. ಅವಳು ಯಂತ್ರ ಆರಿಸಿ, ನಮ್ಮ ಮನೆಗೆ ಹೋಗಿ ಹೊಲಿಗೆ ಯಂತ್ರದ ಎಣ್ಣೆ ಬುಡ್ಡಿ ತಂದು, ಎರಡು ತೊಟ್ಟು ಬಿಟ್ಟಳು.